ನಾಯಿಯ ಬಾಲ, ಮನುಷ್ಯನ ಕಣ್ಣು

ಡಾಬರ್‌ಮನ್, ರಾಟ್‌ವೀಲರ್, ಬಾಕ್ಸರ್ ತಳಿಯ ನಾಯಿಗಳಿಗೆ ಹುಟ್ಟಿನಿಂದಲೇ ಮೋಟು ಬಾಲವೆಂದು ನಂಬಿದವರು ಅನೇಕರಿದ್ದಾರೆ. ಆದರೆ ಈ ಮರಿಗಳು ಉದ್ದ ಬಾಲದೊಡನೆಯೇ ಜನಿಸುತ್ತವೆ. ಹುಟ್ಟಿದ ಮೂರರಿಂದ ಐದು ದಿನಗಳೊಳಗೆ, ಇನ್ನೂ ಕಣ್ಣು ಬಿಡುವ ಮುನ್ನವೇ, ಬಾಲದ ಬಹುಭಾಗವನ್ನು ಕತ್ತರಿಯಿಂದ ತುಂಡರಿಸಲಾಗುತ್ತದೆ. ಇಲ್ಲವೇ ಬಿಗಿಯಾದ ರಬ್ಬರ್ ಬಳೆ ತೊಡಿಸಿ, ರಕ್ತಸಂಚಾರ ನಿಲ್ಲಿಸಿ, ತಾನಾಗಿ ಒಣಗಿ ಉದುರುವಂತೆ ಮಾಡಲಾಗುತ್ತದೆ. ಬಹುತೇಕ ಸಂದರ್ಭಗಳಲ್ಲಿ ಅರಿವಳಿಕೆ ಕೊಡುವುದಿಲ್ಲ.

ಹೀಗೆ ತುಂಡಾಗುವುದು ಬೆನ್ನುಮೂಳೆಯದೇ ಮುಂದುವರಿಕೆ. ತಳಿಯನ್ನು ಅನುಸರಿಸಿ ಆರರಿಂದ ಇಪ್ಪತ್ತಮೂರರವರೆಗೆ ಕಶೇರುಮಣಿಗಳು ಬಾಲದಲ್ಲಿ ಸಾಲುಗೂಡಿರುತ್ತವೆ. ಅವುಗಳ ಸುತ್ತ ಸ್ನಾಯು, ಸ್ನಾಯುರಜ್ಜು, ರಕ್ತನಾಳ, ನರಗಳು ಹೆಣೆದುಕೊಂಡಿರುತ್ತವೆ. ಓಡುವಾಗ, ನೆಗೆಯುವಾಗ ದೇಹದ ಸಮತೋಲಕ್ಕೆ ಬಾಲ ಅತ್ಯಗತ್ಯವೆಂಬ ವಾದವನ್ನು ಬಾಲ ಕತ್ತರಿಸುವುದರ ವಿರೋಧಿಗಳು ಆಗಾಗ ಮುಂದಿಡುತ್ತಾರೆ. ಇತ್ತೀಚಿನ ಗಣಕ ಮಾದರಿಗಳ ಪ್ರಕಾರ, ನಾಯಿಯ ನೆಗೆತದಲ್ಲಿ ಬಾಲದ ಪಾಲು ಅಷ್ಟೇನೂ ದೊಡ್ಡದಲ್ಲ. ಬಾಲದ ನಿಜವಾದ ಮಹತ್ವವನ್ನು ಬೇರೆಡೆ ಹುಡುಕಬೇಕಾಗುತ್ತದೆ. ಅದು ಸಂವಹನದ ಅಂಗ.

ಇಟಲಿಯ ವಿಜ್ಞಾನಿಗಳಾದ ಆಂಜೆಲೊ ಕ್ವಾರಾಂಟಾ, ಮಾರ್ಚೆಲ್ಲೊ ಸಿನಿಸ್ಕಾಲ್ಕಿ ಮತ್ತು ಜಾರ್ಜೊ ವಲ್ಲೋರ್ತಿಗಾರ 2007ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಇದರ ಸೂಕ್ಷ್ಮತೆಯನ್ನು ತೋರಿಸಿಕೊಟ್ಟಿತು. ಮೂವತ್ತು ನಾಯಿಗಳಿಗೆ ಅವುಗಳ ಒಡೆಯರನ್ನೂ ಅಪರಿಚಿತ ಮನುಷ್ಯರನ್ನೂ ಬೆಕ್ಕನ್ನೂ ಗತ್ತಿನ ಪರಕೀಯ ನಾಯಿಯನ್ನೂ ಒಂದಾದ ಮೇಲೊಂದರಂತೆ ತೋರಿಸಿ, ಬಾಲ ಯಾವ ಕಡೆಗೆ ಎಷ್ಟು ವಾಲುತ್ತದೆಂದು ಅಳೆಯಲಾಯಿತು. ಒಡೆಯನನ್ನು ಕಂಡಾಗ ಬಾಲ ನಾಯಿಯ ಬಲಕ್ಕೆ ಹೆಚ್ಚು ಬೀಸಿತು. ಪರಕೀಯ ನಾಯಿಯನ್ನು ಕಂಡಾಗ ಎಡಕ್ಕೆ. ಮಿದುಳಿನ ಎರಡು ಅರ್ಧಗೋಳಗಳು ಭಾವನೆಗಳನ್ನು ಬೇರೆಬೇರೆಯಾಗಿ ನಿಭಾಯಿಸುತ್ತವೆ ಎಂಬುದರ ಗುರುತು ಹೀಗೆ ದೇಹದ ಹಿಂತುದಿಯಲ್ಲಿ ಮೂಡುತ್ತದೆ. ಈ ವಾಲುವಿಕೆಯನ್ನು ಉಳಿದ ನಾಯಿಗಳು ಗಮನಿಸುತ್ತವೆಯೇ ಎಂಬ ಪ್ರಶ್ನೆಗೆ 2013ರಲ್ಲಿ ಉತ್ತರ ಸಿಕ್ಕಿತು. ಎಡಕ್ಕೆ ಬಾಲ ಬೀಸುವ ನಾಯಿಯ ಚಲಿಸುವ ಚಿತ್ರವನ್ನು ನೋಡಿದ ನಾಯಿಗಳ ಎದೆಬಡಿತ ಏರಿತು, ಅವು ಆತಂಕಗೊಂಡವು. ಬಲಕ್ಕೆ ಬೀಸುವುದನ್ನು ನೋಡಿದವು ನಿರಾಳವಾಗಿಯೇ ಇದ್ದವು.

ಮೋಟು ಬಾಲ ಈ ಸಂಕೇತಗಳನ್ನು ಎಷ್ಟು ಮಂಕಾಗಿಸುತ್ತದೆ ಎಂಬುದನ್ನು ಕೆನಡಾದ ವಿಕ್ಟೋರಿಯಾ ವಿಶ್ವವಿದ್ಯಾಲಯದ ಲೀವರ್ ಮತ್ತು ರೈಮ್ಕನ್ ಯಂತ್ರನಾಯಿಯೊಂದರ ಮೂಲಕ ಪರೀಕ್ಷಿಸಿದರು. ಅದಕ್ಕೆ ಒಮ್ಮೆ 30 ಸೆಂಟಿಮೀಟರ್ ಉದ್ದದ ಬಾಲ, ಇನ್ನೊಮ್ಮೆ ಕೇವಲ 9 ಸೆಂಟಿಮೀಟರಿನ ಮೋಟು ಬಾಲ ಜೋಡಿಸಿ, ಹಗ್ಗವಿಲ್ಲದೆ ಅಡ್ಡಾಡುವ ನಾಯಿಗಳ ನಡುವೆ ನಿಲ್ಲಿಸಿದರು. ಉದ್ದ ಬಾಲ ಅಲ್ಲಾಡುತ್ತಿದ್ದಾಗ ದೊಡ್ಡ ನಾಯಿಗಳು ಧೈರ್ಯವಾಗಿ ಹತ್ತಿರ ಬಂದವು, ಅದು ಅಲುಗದೆ ನಿಂತಿದ್ದಾಗ ಹಿಂಜರಿದವು. ಮೋಟು ಬಾಲದ ವಿಷಯದಲ್ಲಿ ಈ ವ್ಯತ್ಯಾಸವೇ ಕಾಣಲಿಲ್ಲ. ಬಾಲ ಕಳೆದುಕೊಂಡ ನಾಯಿ ತನ್ನ ಸ್ನೇಹಭಾವವನ್ನು ದೂರದಿಂದಲೇ ಸಾರುವ ಸಾಧನವೊಂದನ್ನು ಕಳೆದುಕೊಂಡಿರುತ್ತದೆ. ಆ ನಷ್ಟ ಜೀವಮಾನವಿಡೀ ಉಳಿಯುತ್ತದೆ.

ಎಳೆಯ ಮರಿಗೆ ನೋವಿನ ಅರಿವಿಲ್ಲವೆಂಬ ಹಳೆಯ ಸಮಾಧಾನಕ್ಕೂ ಆಧಾರವಿಲ್ಲ. ನೋವನ್ನು ಮಿದುಳಿಗೆ ಒಯ್ಯುವ ನರಗಳು ಹುಟ್ಟುವಾಗಲೇ ಕೆಲಸ ಮಾಡುತ್ತಿರುತ್ತವೆ; ನೋವನ್ನು ತಗ್ಗಿಸುವ, ಮಿದುಳಿನಿಂದ ಕೆಳಗಿಳಿಯುವ ನರಮಾರ್ಗಗಳು ಬಲಿಯುವುದು ಆಮೇಲೆ. ಹಾಗಾಗಿ ಎಳವೆಯ ನೋವು ಕಡಿಮೆಯಾಗಿರುವ ಬದಲು ಹೆಚ್ಚೇ ಆಗಿರುವ ಸಾಧ್ಯತೆಯಿದೆ. ಆಸ್ಟ್ರೇಲಿಯಾದಲ್ಲಿ 1996ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಐವತ್ತು ಮರಿಗಳ ಬಾಲ ಕತ್ತರಿಸುವಾಗ ಗಮನಿಸಲಾಯಿತು. ಕಿರುಚದ ಮರಿ ಒಂದೂ ಇರಲಿಲ್ಲ.

ಇಷ್ಟಾದರೂ ಈ ರೂಢಿ ಎರಡು ಸಾವಿರ ವರ್ಷ ಬಾಳಿದೆ. ಒಂದನೆಯ ಶತಮಾನದ ರೋಮನ್ ಕೃಷಿ ಲೇಖಕ ಕೊಲುಮೆಲ್ಲಾ ಮರಿಯ ಬಾಲವನ್ನು ಕತ್ತರಿಸಿದರೆ ಹುಚ್ಚು ಹಿಡಿಯುವುದಿಲ್ಲವೆಂಬ ಕುರುಬರ ನಂಬಿಕೆಯನ್ನು ದಾಖಲಿಸಿದ್ದಾನೆ. ರೇಬಿಸ್‌ಗೆ ವೈರಾಣು ಕಾರಣವೆಂದು ತಿಳಿದ ಮೇಲೆ ಆ ನೆಪ ಅಳಿಯಿತು; ಗಾಯ ತಪ್ಪಿಸಲು ಎಂಬ ನೆಪ ಉಳಿಯಿತು. ಬ್ರಿಟನ್ನಿನಲ್ಲಿ ಸುಮಾರು 1,38,000 ನಾಯಿಗಳ ಚಿಕಿತ್ಸಾ ದಾಖಲೆಗಳನ್ನು ಪರಿಶೀಲಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನಕ್ಕೆ ಸಿಕ್ಕ ಬಾಲದ ಗಾಯಗಳು 281. ಒಂದು ಗಾಯ ತಪ್ಪಬೇಕಾದರೆ ಸುಮಾರು ಐನೂರು ನಾಯಿಗಳ ಬಾಲ ಕತ್ತರಿಸಬೇಕು. ಮುಳ್ಳುಪೊದೆಗಳಲ್ಲಿ ನುಗ್ಗಿ ಬೇಟೆಯಾಡುವ ಸ್ಪ್ಯಾನಿಯಲ್‌ಗಳ ಮಾತು ಬೇರೆ; ಅವುಗಳಲ್ಲಿ ಗಾಯ ನಿಜಕ್ಕೂ ಹೆಚ್ಚು. ಹಾಗೆಂದೇ 2007ರಲ್ಲಿ ಪೂರ್ಣ ನಿಷೇಧ ಹೇರಿದ್ದ ಸ್ಕಾಟ್ಲೆಂಡ್ 2017ರಲ್ಲಿ ಸ್ಪ್ಯಾನಿಯಲ್ ಮತ್ತು ಕೆಲವು ಬೇಟೆನಾಯಿಗಳಿಗೆ ಮಾತ್ರ, ಬಾಲದ ಮೂರನೇ ಒಂದು ಭಾಗದವರೆಗೆ, ವಿನಾಯಿತಿ ಕೊಟ್ಟಿತು. ಇದು ತೂಗಿ ನೋಡತಕ್ಕ ವಾದ. ಮನೆಯಂಗಳದ ಡಾಬರ್‌ಮನ್‌ಗೆ ಇದನ್ನು ಅನ್ವಯಿಸುವುದು ಮಾತ್ರ ಸರಿಯಲ್ಲ. ಅಲ್ಲಿ ಉಳಿಯುವ ಕಾರಣ ಒಂದೇ, ನೋಡುವ ಕಣ್ಣಿನ ಅಭ್ಯಾಸ.

ಈ ಅಭ್ಯಾಸ ಎಷ್ಟು ಗಟ್ಟಿಯಾದುದೆಂದರೆ, ಅದನ್ನು ಕತ್ತರಿಯಿಲ್ಲದೆ ತಣಿಸಲು ಒಬ್ಬ ತಳಿವಿಜ್ಞಾನಿ ಹೊರಟರು. ಹಾರ್ವೆಲ್‌ನಲ್ಲಿ ಇಲಿಗಳ ಆನುವಂಶೀಯತೆಯನ್ನು ಅಭ್ಯಸಿಸುತ್ತಿದ್ದ ಬ್ರೂಸ್ ಕ್ಯಾಟನಾಕ್ ಬಾಕ್ಸರ್ ನಾಯಿಗಳನ್ನು ಬೆಳೆಸುವವರೂ ಆಗಿದ್ದರು. ಹುಟ್ಟಿನಿಂದಲೇ ಮೋಟು ಬಾಲವಿರುವ ಕಾರ್ಗಿ ನಾಯಿಯೊಡನೆ ಅವರು 1990ರ ದಶಕದಲ್ಲಿ ಬಾಕ್ಸರನ್ನು ಸಂಕರಗೊಳಿಸಿ, ಮುಂದಿನ ತಲೆಮಾರುಗಳನ್ನು ಮತ್ತೆ ಬಾಕ್ಸರ್‌ಗಳೊಡನೆಯೇ ಕೂಡಿಸುತ್ತ ಹೋದರು. ಕೆಲವೇ ತಲೆಮಾರುಗಳಲ್ಲಿ ಮುಖ, ಮೈಕಟ್ಟು ಎಲ್ಲವೂ ಬಾಕ್ಸರಿನದೇ ಆದ, ಬಾಲ ಮಾತ್ರ ಸಹಜವಾಗಿ ಮೋಟಾದ ಮರಿಗಳು ಹುಟ್ಟಿದವು. ಇದರ ಹಿಂದಿರುವುದು ಟಿ ವಂಶವಾಹಿಯ ಒಂದೇ ಅಕ್ಷರದ ಬದಲಾವಣೆ. ಈ ಬದಲಾವಣೆಯ ಒಂದು ಪ್ರತಿ ಬಾಲವನ್ನು ಮೊಟಕುಗೊಳಿಸುತ್ತದೆ. ತಂದೆತಾಯಿ ಇಬ್ಬರಿಂದಲೂ ಬಂದ ಎರಡು ಪ್ರತಿಗಳು ಭ್ರೂಣವನ್ನೇ ಕೊಲ್ಲುತ್ತವೆ. ಜಾಣ್ಮೆಯ ಕೆಲಸವೆಂಬುದರಲ್ಲಿ ಸಂದೇಹವಿಲ್ಲ. ಆದರೂ ಉದ್ದ ಬಾಲದ ಬಾಕ್ಸರನ್ನು ಒಪ್ಪಿಕೊಳ್ಳುವುದು ಇದಕ್ಕಿಂತ ಎಷ್ಟೋ ಸುಲಭವಾಗಿತ್ತು.

ಯುರೋಪಿನ ಹಲವು ದೇಶಗಳು ಆ ಸುಲಭದ ದಾರಿಯನ್ನೇ ಹಿಡಿದಿವೆ. ಸಾಕುಪ್ರಾಣಿಗಳ ರಕ್ಷಣೆಗಾಗಿ 1987ರಲ್ಲಿ ರೂಪುಗೊಂಡ ಯುರೋಪಿನ ಒಡಂಬಡಿಕೆ ರೂಪಕ್ಕಾಗಿ ಬಾಲ ಕತ್ತರಿಸುವುದನ್ನು ನಿಷೇಧಿಸಬೇಕೆಂದು ಹೇಳಿತು. ಅಮೆರಿಕದಲ್ಲಿ ಪಶುವೈದ್ಯರ ಸಂಘ ವಿರೋಧಿಸಿದರೂ ರೂಢಿ ನಿಂತಿಲ್ಲ. ಭಾರತದಲ್ಲಿ 1960ರ ಪ್ರಾಣಿಹಿಂಸೆ ತಡೆ ಕಾಯಿದೆಯ 11ನೇ ಕಲಂ ಪ್ರಾಣಿಯ ಅಂಗ ಊನಗೊಳಿಸುವುದನ್ನು ಅಪರಾಧವೆನ್ನುತ್ತದೆ. ದನಗಳ ಕೊಂಬು ತೆಗೆಯುವುದು, ಬೀಜ ಒಡೆಯುವುದು, ಬರೆ ಹಾಕುವುದು, ಮೂಗುದಾರ ಪೋಣಿಸುವುದು ನಿಗದಿತ ಕ್ರಮದಲ್ಲಿ ನಡೆದರೆ ಅದೇ ಕಲಂ ವಿನಾಯಿತಿ ಕೊಡುತ್ತದೆ; ಆ ಸಾಲಿನಲ್ಲಿ ನಾಯಿಯ ಬಾಲವನ್ನು ಸೇರಿಸಿಲ್ಲ. ಆದರೂ ಮೋಟು ಬಾಲದ ಮರಿಯೇ ಬೇಕೆಂದು ಕೇಳುವವರಿರುವ ತನಕ ತಳಿಗಾರರು ಕತ್ತರಿ ಕೆಳಗಿಡುವುದು ಕಷ್ಟ. ಐದು ದಿನದ ಮರಿ ಯಾರ ಮನೆ ಸೇರುತ್ತದೆ, ಅಲ್ಲಿ ಏನು ಕೆಲಸ ಮಾಡುತ್ತದೆ ಎಂಬುದು ಇನ್ನೂ ಯಾರಿಗೂ ತಿಳಿದಿರುವುದಿಲ್ಲ. ಬಾಲದ ವಿಚಾರ ಮಾತ್ರ ಅಷ್ಟರಲ್ಲೇ ತೀರ್ಮಾನವಾಗಿ ಹೋಗಿರುತ್ತದೆ.