ಸೈಕಲ್ ತುಳಿಯುವ ಕಾಲು ಹೊಸ್ತಿಲಲ್ಲಿ ನಿಲ್ಲುವುದೇಕೆ?

‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ 2010ರಲ್ಲಿ ಪ್ರಕಟಿಸಿದ ಒಂದು ಪುಟ್ಟ ವಿಡಿಯೊ ಎಷ್ಟು ಸಲ ನೋಡಿದರೂ ಹಳತಾಗುವುದಿಲ್ಲ. ಅದನ್ನು ದಾಖಲಿಸಿದವರು ನೆದರ್ಲೆಂಡ್ಸ್‌ನ ನೈಮೇಖನ್ ನಗರದ ಆಂಕೆ ಸ್ನೈಡರ್ಸ್ ಮತ್ತು ಬಾಸ್ ಬ್ಲೂಮ್. ವಿಡಿಯೊದಲ್ಲಿರುವವರಿಗೆ 58 ವರ್ಷ, ಹತ್ತು ವರ್ಷಗಳಿಂದ ಪಾರ್ಕಿನ್ಸನ್ ಕಾಯಿಲೆ. ಕೆಲವೇ ಹೆಜ್ಜೆಯೊಳಗೆ ಅವರ ಪಾದ ನೆಲಕ್ಕೆ ಅಂಟಿಕೊಳ್ಳುತ್ತದೆ, ಮೈ ವಾಲುತ್ತದೆ. ಆದರೆ ಸೈಕಲ್ ಏರಿದರೆ ಅದೇ ಕಾಲುಗಳು ಏನೂ ಆಗಿಲ್ಲವೆಂಬಂತೆ ಪೆಡಲ್ ತುಳಿಯುತ್ತವೆ! ಕೆಳಗಿಳಿದರೆ ಮತ್ತೆ ಅದೇ ಕಥೆ. ತಿರುಗುವ ಪೆಡಲ್ಲೇ ಕಾಲಿಗೆ ತಾಳ ಹಾಕಿಕೊಡುತ್ತಿರಬಹುದು ಅಥವಾ ಸೈಕಲ್ ತುಳಿಯುವ ವಿದ್ಯೆ ಮಿದುಳಿನಲ್ಲಿ ಬೇರೆ ಹಾದಿ ಹಿಡಿದು ಬರುತ್ತಿರಬಹುದು ಎಂಬುದು ವೈದ್ಯರ ಊಹೆ. ನೆಲದ ಮೇಲೆ ಅಡ್ಡಗೆರೆ ಎಳೆದರೆ ಇಂಥ ರೋಗಿಗಳು ಗೆರೆ ದಾಟುತ್ತಾ ನಡೆಯುತ್ತಾರೆಂದು ಬ್ರಿಟನ್ನಿನ ನರವೈದ್ಯ ಪರ್ಡನ್ ಮಾರ್ಟಿನ್ 1967ರಷ್ಟು ಹಿಂದೆಯೇ ಬರೆದಿದ್ದರು. ಹಾಗಾದರೆ ಕಾಲಿನಲ್ಲಿ ಬಲವಿದೆ, ಮಿದುಳಿನಲ್ಲಿ ವಿದ್ಯೆಯೂ ಇದೆ. ಕೆಟ್ಟಿರುವುದು ನಡುವಿನ ಒಂದು ದಾರಿ ಮಾತ್ರ.

ಮಿದುಳಿಗೆ ತಂತಿ ಇಳಿಸಿ ವಿದ್ಯುತ್ ಮಿಡಿತ ಕೊಡುವ ಡೀಪ್ ಬ್ರೈನ್ ಸ್ಟಿಮ್ಯುಲೇಷನ್ ಚಿಕಿತ್ಸೆ, ಅಂದರೆ ಡಿಬಿಎಸ್, ಸರಿಪಡಿಸುವುದು ಈ ದಾರಿಯನ್ನೇ ಅಥವಾ ಬೇರೊಂದನ್ನೇ ಎಂಬ ಪ್ರಶ್ನೆಯನ್ನು ನಮ್ಮಲ್ಲಿ ಯಾರೂ ಸರಿಯಾಗಿ ಕೇಳುವುದಿಲ್ಲ. ಇತಿಹಾಸ ಎಲ್ಲರಿಗೂ ಗೊತ್ತಿರುವಂಥದ್ದೇ. 1987ರಲ್ಲಿ ಫ್ರಾನ್ಸಿನ ಗ್ರೆನೋಬಲ್‌ನಲ್ಲಿ ಅಲಿಂ ಲೂಯಿ ಬೆನಾಬಿಡ್ ಅವರು ಥಲಾಮಸ್‌ಗೆ ಸತತವಾಗಿ ವೇಗದ ವಿದ್ಯುತ್ ಮಿಡಿತ ಕೊಟ್ಟು ನಡುಕ ನಿಲ್ಲಿಸಿದರು. 1993ರಲ್ಲಿ ಅದೇ ತಂಡ ಕಡಲೆಕಾಳಿನಷ್ಟಿರುವ ಸಬ್‌ಥಲಾಮಿಕ್ ನ್ಯೂಕ್ಲಿಯಸ್‌ಗೆ ತಂತಿ ಇಳಿಸಿತು. ಇಂದು ಎದೆಯ ಚರ್ಮದಡಿ ಕೂತ ಬ್ಯಾಟರಿ ಆ ಜಾಗಕ್ಕೆ ಸಾಮಾನ್ಯವಾಗಿ ಸೆಕೆಂಡಿಗೆ 130 ಮಿಡಿತ ಕಳಿಸುತ್ತದೆ. ಸ್ವಿಚ್ ಹಾಕಿದೊಡನೆ ಕೈ ನಡುಕ ನಿಲ್ಲುವ ದೃಶ್ಯ ಕ್ಯಾಮೆರಾಕ್ಕೆ ಹೇಳಿ ಮಾಡಿಸಿದಂತಿದೆ. ಡಿಬಿಎಸ್‌ಗೆ ಕೀರ್ತಿ ತಂದದ್ದು ಕೈ. ರೋಗ ಬಲಿತವರನ್ನು ಬೀಳಿಸುವುದು ಮಾತ್ರ ಕಾಲು.

ನಡಿಗೆಯ ತೊಂದರೆ ಎಂದು ಒಂದೇ ಹೆಸರಿಟ್ಟರೂ ಅದರಲ್ಲಿ ಎರಡು ಬಗೆಯಿದೆ. ಹೆಜ್ಜೆ ಚಿಕ್ಕದಾಗುವುದು, ನಿಧಾನವಾಗುವುದು, ಮಾತ್ರೆಯ ಪರಿಣಾಮ ಇಳಿದಾಗ ಕಾಲು ಕಚ್ಚಿಕೊಳ್ಳುವುದು ಮೊದಲನೆಯದು. ಇದರ ಮೂಲ ಮಿದುಳಿನಲ್ಲಿ ಡೋಪಮೈನ್ ಎಂಬ ರಾಸಾಯನಿಕದ ಕೊರತೆ. ಆದ್ದರಿಂದಲೇ ಆ ಕೊರತೆ ತುಂಬುವ ಲೆವೊಡೋಪ ಮಾತ್ರೆಗೆ ಬಗ್ಗುತ್ತದೆ. ಮಾತ್ರೆ ಪೂರ್ತಿ ಹಿಡಿದಿರುವಾಗಲೂ ಕಾಲು ಅಂಟುವುದು, ತಿರುಗುವಾಗ ಸಮತೋಲ ತಪ್ಪಿ ಬೀಳುವುದು ಎರಡನೆಯದು. ಇಲ್ಲಿ ರೋಗ ಡೋಪಮೈನ್ ದಾರಿಯನ್ನು ದಾಟಿ ಮಿದುಳಿನ ಕಾಂಡದವರೆಗೂ ಹಬ್ಬಿರುತ್ತದೆ. ನಡುಕವೊಂದನ್ನು ಬಿಟ್ಟರೆ ಸಬ್‌ಥಲಾಮಿಕ್ ಡಿಬಿಎಸ್ ನೀಗುವುದು ಬಹುಪಾಲು ಮಾತ್ರೆಗೆ ಬಗ್ಗುವ ಲಕ್ಷಣಗಳನ್ನೇ. ಅದನ್ನು ದಿನವಿಡೀ ಇಳಿಯದ ಮಾತ್ರೆ ಎನ್ನಬಹುದು. ಮಾತ್ರೆಗಿಂತ ದೊಡ್ಡ ಮದ್ದು ಎನ್ನಲಾಗದು.

ಮಿಡಿತವನ್ನು ಬದಲಿಸಬಹುದಲ್ಲ ಎನ್ನುವವರಿದ್ದಾರೆ. ನಿಜ, 2008ರಲ್ಲಿ ಫ್ರಾನ್ಸಿನ ವೈದ್ಯರು ಮಿಡಿತವನ್ನು ಸೆಕೆಂಡಿಗೆ 60ಕ್ಕೆ ಇಳಿಸಿದಾಗ ಕೆಲವರ ಕಾಲು ಕಚ್ಚುವುದು ಕಡಿಮೆಯಾಯಿತು. ಆದರೆ ಮುಂದಿನ ಅಧ್ಯಯನಗಳಲ್ಲಿ ಆ ಲಾಭ ಹಲವರಲ್ಲಿ ಉಳಿಯಲಿಲ್ಲ, ಕೆಲವರಲ್ಲಿ ನಡುಕ ಮರಳಿತು. ಜಾಗವನ್ನೇ ಬದಲಿಸಿದರೆ? 2005ರಲ್ಲಿ ರೋಮ್ ಮತ್ತು ಬ್ರಿಸ್ಟಲ್‌ನ ತಂಡಗಳು ಮಿದುಳಿನ ಕಾಂಡದ ಪೆಡಂಕ್ಯುಲೋಪಾಂಟೈನ್ ನ್ಯೂಕ್ಲಿಯಸ್‌ಗೆ ತಂತಿ ಇಳಿಸಿದಾಗ ನಿರೀಕ್ಷೆ ಗಗನಕ್ಕೇರಿತ್ತು. ನಂತರದ ಸಣ್ಣ ಸಣ್ಣ ಅಧ್ಯಯನಗಳಲ್ಲಿ ಕೆಲವರು ಬೀಳುವುದು ಕಡಿಮೆಯಾಯಿತು, ಕೆಲವರಿಗೆ ಏನೂ ಆಗಲಿಲ್ಲ. ಇದು ಏಕೆಂಬುದಕ್ಕೆ ಸೈಕಲ್ ವಿಡಿಯೊ ಸುಳಿವು ಕೊಟ್ಟಂತಿದೆ: ಚಲನೆಗೆ ಮಿದುಳಿನಲ್ಲಿ ಹಾದಿಗಳು ಹಲವು, ತಂತಿ ಮುಟ್ಟುವುದು ಒಂದನ್ನು.

ಹೀಗೆ ಬರೆದರೆ ರೋಗಿಗಳು ಎದೆಗುಂದುವುದಿಲ್ಲವೇ? ಎದೆಗುಂದಬೇಕಿಲ್ಲ. ಮಾತ್ರೆಯಿಂದ ಏಳುಬೀಳು ಶುರುವಾದ 251 ಮಂದಿಯ ಮೇಲೆ ಜರ್ಮನಿ ಮತ್ತು ಫ್ರಾನ್ಸಿನಲ್ಲಿ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಬರೀ ಔಷಧಿಯಲ್ಲಿದ್ದವರಿಗಿಂತ ಡಿಬಿಎಸ್ ಆದವರ ಬದುಕು ಸ್ಪಷ್ಟವಾಗಿ ಸುಧಾರಿಸಿತ್ತು. ಚಿಕಿತ್ಸೆ ಒಳ್ಳೆಯದೇ, ಯಾರಿಗೆ ಎಂಬುದಷ್ಟೇ ಪ್ರಶ್ನೆ. ಅದಕ್ಕೆಂದೇ ಶಸ್ತ್ರಚಿಕಿತ್ಸೆಗೆ ಮೊದಲು ವೈದ್ಯರು ರಾತ್ರಿಯಿಂದ ಮಾತ್ರೆ ನಿಲ್ಲಿಸಿ ಬೆಳಿಗ್ಗೆ ಒಮ್ಮೆ, ಮಾತ್ರೆ ಕೊಟ್ಟು ಅದು ಹಿಡಿದ ಮೇಲೆ ಇನ್ನೊಮ್ಮೆ ನಡೆಸಿ ನೋಡುತ್ತಾರೆ. ಎರಡು ನಡಿಗೆಯ ನಡುವಿನ ಅಂತರ ಎಷ್ಟೋ, ನಡಿಗೆಯ ಮಟ್ಟಿಗೆ ಡಿಬಿಎಸ್‌ನಿಂದ ನಿರೀಕ್ಷಿಸಬಹುದಾದ್ದೂ ಹೆಚ್ಚುಕಡಿಮೆ ಅಷ್ಟೇ. ಮನೆಯವರು ಗಮನಿಸಬೇಕಾದ್ದೂ ಇದನ್ನೇ: ಹೊಸ್ತಿಲಲ್ಲಿ ಅಪ್ಪನ ಕಾಲು ನಿಲ್ಲುವುದು ಮುಂದಿನ ಮಾತ್ರೆಯ ಹೊತ್ತು ಹತ್ತಿರವಾದಾಗಲೋ, ನುಂಗಿ ಒಂದು ಗಂಟೆಯಾದ ಮೇಲೂ ಹಾಗೆಯೇ ನಿಲ್ಲುತ್ತದೆಯೋ?