ಹದಿನೈದರ ಮೈಗೆ ಎಷ್ಟು ರೊಟ್ಟಿ?

ವಿಜಯನಗರ ಜಿಲ್ಲೆಯಲ್ಲಿ ಹೊಸಪೇಟೆಯೊಂದನ್ನು ಬಿಟ್ಟರೆ ಉಳಿಯುವ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ತಾಲ್ಲೂಕುಗಳು ಬಹುಮಟ್ಟಿಗೆ ಮಳೆಯನ್ನೇ ನಂಬಿದ ಸೀಮೆಯಾದುದರಿಂದ, ಜೋಳ, ಸಜ್ಜೆ, ನವಣೆ, ರಾಗಿ, ಶೇಂಗಾ ಇವೇ ಇಲ್ಲಿಯ ಜನರ ಬಾಳಿಗೆ ಆಧಾರವಾಗಿ ಬಂದಿವೆ. ಬರಗಾಲಗಳನ್ನು ಕಂಡುಂಡ ಈ ನಾಡಿನಲ್ಲಿ ಮಕ್ಕಳ ಹೊಟ್ಟೆ ತುಂಬೀತೇ ಎಂಬುದು ಹಿರಿಯರ ಚಿಂತೆಯಾಗಿದ್ದಿತು. ಅವರ ಮೊಮ್ಮಕ್ಕಳಲ್ಲಿ ಕೆಲವರಿಗೆ, ಅದರಲ್ಲಿಯೂ ಹೈಸ್ಕೂಲು ಸೇರಿದ ಹೆಣ್ಣುಮಕ್ಕಳಿಗೆ, ಉಂಡದ್ದು ಮೈಗೆ ಹತ್ತೀತೆಂಬುದೇ ಇಂದಿನ ಚಿಂತೆ. ಈ ಚಿಂತೆಯನ್ನು ನಕ್ಕು ತಳ್ಳಿಹಾಕುವುದು ಉಚಿತವಲ್ಲ. ಆದರೆ ಅದಕ್ಕೆ ಮೊದಲ ಬಲಿಯಾಗುವುದು ತಟ್ಟೆಯೊಳಗಿನ ಜೋಳದ ರೊಟ್ಟಿಯೆಂಬುದು ಶೋಚನೀಯ.

ಆಹಾರದ ಶಕ್ತಿಯನ್ನು ಅಳೆಯುವ ಮಾನಕ್ಕೆ ಕ್ಯಾಲೊರಿಯೆಂದು ಹೆಸರು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯು 2020ರಲ್ಲಿ ಪರಿಷ್ಕರಿಸಿದ ಲೆಕ್ಕದಂತೆ, 13ರಿಂದ 15 ವರ್ಷದ ಹುಡುಗಿಗೆ ದಿನಕ್ಕೆ ಸುಮಾರು 2400, ಅದೇ ವಯಸ್ಸಿನ ಹುಡುಗನಿಗೆ 2860 ಕ್ಯಾಲೊರಿಗಳು ಬೇಕು. 16ರಿಂದ 18ರವರೆಗೆ ಇವು ಕ್ರಮವಾಗಿ 2500 ಮತ್ತು 3320ಕ್ಕೆ ಏರುತ್ತವೆ. ಕುಳಿತು ಕೆಲಸಮಾಡುವ ಪ್ರೌಢ ಸ್ತ್ರೀಗೆ ಅದೇ ಸಂಸ್ಥೆ ವಿಧಿಸಿರುವುದು 1660 ಮಾತ್ರ! ತಾಯಿಗಿಂತ ಮಗಳಿಗೆ ಹೆಚ್ಚು ಊಟ ಬೇಕೆಂಬ ಈ ಮಾತು ಅನೇಕ ಮನೆಗಳಲ್ಲಿ ಆಶ್ಚರ್ಯವನ್ನುಂಟುಮಾಡಬಹುದು.

ಇನ್ನು ಆ ಅಪರಾಧಿ ರೊಟ್ಟಿಯ ವಿಚಾರ. ನೂರು ಗ್ರಾಂ ಜೋಳದಲ್ಲಿ ಸುಮಾರು 340 ಕ್ಯಾಲೊರಿಗಳೂ ಹತ್ತು ಗ್ರಾಂ ಪ್ರೋಟೀನೂ ಉಂಟು. ಒಂದು ರೊಟ್ಟಿಗೆ ಅರವತ್ತು ಗ್ರಾಂ ಹಿಟ್ಟೆಂದು ಹಿಡಿದು, ಹುಡುಗಿಯೊಬ್ಬಳು ಎರಡು ಹೊತ್ತು ಎರಡೆರಡು ರೊಟ್ಟಿ ಉಂಡಳೆಂದರೆ, ಅವುಗಳಿಂದ ಅವಳಿಗೆ ಒದಗುವುದು ದಿನದ ಅವಶ್ಯಕತೆಯ ಮೂರರಲ್ಲೊಂದು ಪಾಲಷ್ಟೆ. ಮಿಕ್ಕದ್ದನ್ನು ಬೇಳೆ, ಕಾಳುಪಲ್ಯ, ಪುಂಡಿಸೊಪ್ಪು, ಶೇಂಗಾ ಚಟ್ನಿ, ಮೊಸರು, ಉಣ್ಣುವವರಾದರೆ ತತ್ತಿ, ಇವು ತುಂಬಬೇಕು. ಒಣರೊಟ್ಟಿಯೊಡನೆ ಬರಿಯ ಖಾರವನ್ನು ನಂಜಿಕೊಂಡು ಎದ್ದರೆ ಹಸಿವು ಅಡಗೀತೇ ಹೊರತು ಮೈ ಕಟ್ಟಲಾರದು. ಮುದ್ದೆ ಉಣ್ಣುವ ಕಡೆ ಇನ್ನೊಂದು ಅನುಕೂಲ: ನೂರು ಗ್ರಾಂ ರಾಗಿಯಲ್ಲಿ ಸುಮಾರು 340 ಮಿಲಿಗ್ರಾಂ ಸುಣ್ಣದಂಶವಿದೆ, ಎಲುಬು ಬಲಿಯುವ ಈ ವಯಸ್ಸಿಗೆ ದಿನಕ್ಕೆ ಬೇಕಾದುದು ಸಾವಿರ ಮಿಲಿಗ್ರಾಂ.

ಪ್ರೌಢದೇಹದ ತೂಕದಲ್ಲಿ ಅರ್ಧದಷ್ಟು ಹದಿಹರೆಯದಲ್ಲಿಯೇ ಕೂಡಿಕೊಳ್ಳುವುದೆಂದೂ, ಹುಡುಗಿಯರ ಮೈಯಲ್ಲಿ ಆಗ ಕೊಬ್ಬಿನಂಶ ಏರುವುದು ಪ್ರಕೃತಿಯ ವ್ಯವಸ್ಥೆಯೆಂದೂ ವೈದ್ಯಶಾಸ್ತ್ರ ಹೇಳುತ್ತದೆ. ಹೀಗಿರಲು ಮೊಬೈಲಿನಲ್ಲಿ ಕಂಡ ಯಾರದೋ 1200 ಕ್ಯಾಲೊರಿಯ ಪಥ್ಯವನ್ನು ಶಾಲಾಬಾಲಿಕೆ ಹಿಡಿಯುವುದು, ಗೋಡೆ ಏಳುತ್ತಿರುವಾಗಲೇ ಕಲ್ಲು ಕಿತ್ತಂತೆ. ಮೇಲಾಗಿ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ 15ರಿಂದ 19 ವರ್ಷದ ಭಾರತದ ಹುಡುಗಿಯರಲ್ಲಿ ನೂರಕ್ಕೆ 59 ಮಂದಿ ರಕ್ತಹೀನತೆಯುಳ್ಳವರು. ಊಟ ಬಿಟ್ಟಾಗ ಕಬ್ಬಿಣದಂಶವೂ ಅದರೊಡನೆ ಹೋಗುತ್ತದೆಂಬುದು ತಕ್ಕಡಿಗೆ ಗೊತ್ತಾಗದು.

ನಿಜವಾಗಿ ತೂಕ ಮಿತಿಮೀರಿದವರೂ ಇದ್ದಾರೆ. ಅವರು ಕೈಬಿಡತಕ್ಕದ್ದು ಮುಂಜಾನೆಯ ರೊಟ್ಟಿಯನ್ನಲ್ಲ, ಸಂಜೆಯ ಚಪಲವನ್ನು. ಧಾನ್ಯದ ಹಿಟ್ಟು ಗ್ರಾಮಿಗೆ ನಾಲ್ಕಕ್ಕೂ ಕಡಿಮೆ ಕ್ಯಾಲೊರಿ ಕೊಟ್ಟರೆ ಎಣ್ಣೆ ಒಂಬತ್ತು ಕೊಡುತ್ತದೆ. ಹಗುರವಾದ ಮಂಡಕ್ಕಿಯ ಒಗ್ಗರಣೆ ನಿರಪಾಯವೆಂದುಕೊಂಡರೂ, ಅದರ ಜೊತೆಗೆ ಬರುವ ಮಿರ್ಚಿ ಎಷ್ಟು ಎಣ್ಣೆ ಹೀರಿರುವುದೆಂದು ಅದನ್ನಿಟ್ಟ ಕಾಗದವೇ ಹೇಳುತ್ತದೆ. (ಜಾತ್ರೆಯ ದಿನ ಎರಡು ಮಿರ್ಚಿ ತಿಂದವನನ್ನು ಗದರಿಸುವಷ್ಟು ಕಠೋರನು ನಾನಲ್ಲ.) ಮುನ್ನೂರು ಮಿಲಿಲೀಟರಿನ ಕೋಲಾದಲ್ಲಿ ಸುಮಾರು ಮೂವತ್ತು ಗ್ರಾಂ ಸಕ್ಕರೆಯಿದ್ದು, ಅದು ಹಸಿವನ್ನೂ ಕಳೆಯದು, ಉಪ್ಪು, ಜೀರಿಗೆ ಹಾಕಿದ ಮಜ್ಜಿಗೆಯಾದರೋ ಬಾಯಾರಿಕೆ ತಣಿಸುವುದಲ್ಲದೆ ಅಗ್ಗವೂ ಹೌದು.

ಮನೆಯಲ್ಲಿ ಕಡಿಮೆಯಾದುದನ್ನು ಶಾಲೆ ತುಸು ತುಂಬಿಕೊಡುತ್ತದೆ. ಶಾಲೆಯ ಮಧ್ಯಾಹ್ನದ ಬಿಸಿಯೂಟದ ಯೋಜನೆಯಾದ ಅಕ್ಷರ ದಾಸೋಹವು 2002ರಲ್ಲಿ ಮೊದಲು ಆರಂಭವಾದ ರಾಜ್ಯದ ಈಶಾನ್ಯ ಜಿಲ್ಲೆಗಳಲ್ಲಿ, ಈ ಸೀಮೆಯ ಬಹುಭಾಗವನ್ನು ಒಳಗೊಂಡಿದ್ದ ಅಂದಿನ ಬಳ್ಳಾರಿಯೂ ಒಂದು. ಹಾಲು, ಮೊಟ್ಟೆ ಆಮೇಲೆ ಸೇರಿದವು. ದಪ್ಪಗಾಗುವೆನೆಂಬ ಭಯದಿಂದ ಆ ಪಂಕ್ತಿಯನ್ನು ತಪ್ಪಿಸಿಕೊಳ್ಳುವ ಹುಡುಗಿಯನ್ನು ಗೆಳತಿಯರು ಕೈಹಿಡಿದು ಕೂರಿಸಿಕೊಳ್ಳಲಿ.

ತೂಕ ಹೆಚ್ಚೋ ಕಡಿಮೆಯೋ ಎಂಬುದನ್ನು ಕನ್ನಡಿ ನೋಡಿಯಾಗಲಿ, ನೆರೆಯವರ ಹಾಸ್ಯ ಕೇಳಿಯಾಗಲಿ ತೀರ್ಮಾನಿಸಲಾಗದು. ವಯಸ್ಸು, ಎತ್ತರ, ತೂಕಗಳನ್ನು ಒಟ್ಟಿಗಿಟ್ಟು ನೋಡುವ ಬೆಳವಣಿಗೆಯ ಪಟ್ಟಿ ವೈದ್ಯರಲ್ಲಿರುತ್ತದೆ. ಮುಟ್ಟು ತಿಂಗಳುಗಟ್ಟಲೆ ನಿಂತರೆ, ಪ್ರಾರ್ಥನೆಯ ಸಾಲಿನಲ್ಲಿ ನಿಂತಾಗ ಕಣ್ಣುಕತ್ತಲೆ ಬಂದರೆ, ಉಂಡದ್ದನ್ನು ಬೇಕೆಂದೇ ವಾಂತಿಮಾಡುವ ಅಭ್ಯಾಸ ಕಂಡರೆ, ಗದರದೆ, ತಡಮಾಡದೆ ತಾಲ್ಲೂಕು ಆಸ್ಪತ್ರೆಗೆ ಕರೆದೊಯ್ಯಬೇಕು.