ಸಂವೇದನೆಯ ಹೊಸ್ತಿಲು

ನಮ್ಮ ತಂದೆ ಮಂಡಿಯಲ್ಲಿ ಮೂಟೆ ಹೊರುವ ಹಮಾಲರು. “ಮೂಟೆಯಲ್ಲಿ ಒಂದು ಕಿಲೋ ಹೆಚ್ಚಿದ್ದರೆ ನಿನಗೆ ಗೊತ್ತಾಗುತ್ತದೆಯೇನಪ್ಪಾ?” ಎಂದು ಚಿಕ್ಕಂದಿನಲ್ಲಿ ಒಮ್ಮೆ ಕೇಳಿದ್ದೆ. “ಹೊರೋವಾಗ ಗೊತ್ತಾಗೋದಿಲ್ಲ ಮಗ, ರಾತ್ರಿ ಮಲಗಿದಾಗ ಗೊತ್ತಾಗುತ್ತೆ” ಎಂದಿದ್ದರು. ಆ ಮಾತಿನ ಅರ್ಥ ಈ ವರ್ಷ ನಮ್ಮ ಮನಶ್ಶಾಸ್ತ್ರದ ಪ್ರಯೋಗಶಾಲೆಯಲ್ಲಿ ನನಗೆ ಹೊಳೆಯಿತು.

ಶಬ್ದವಾಗಲಿ, ಬೆಳಕಾಗಲಿ, ಭಾರವಾಗಲಿ ಒಂದು ಮಟ್ಟವನ್ನು ಮುಟ್ಟಿದ ಮೇಲೆಯೇ ನಮ್ಮ ಅರಿವಿಗೆ ಬರುತ್ತದೆ. ಆ ಮಟ್ಟವೇ ಸಂವೇದನೆಯ ಹೊಸ್ತಿಲು. ಅದನ್ನು ದಾಟದೆ ಯಾವುದೂ ಅರಿವಿನ ಮನೆಯೊಳಕ್ಕೆ ಬಾರದು.

ಇದನ್ನು ಅಳೆಯುವುದು ಹೇಗೆ? ನಮ್ಮ ಅಧ್ಯಾಪಕರು ನನ್ನ ಕಣ್ಣಿಗೆ ಬಟ್ಟೆ ಕಟ್ಟಿಸಿ, ಟಿಕ್ ಟಿಕ್ ಎನ್ನುವ ಗಡಿಯಾರವೊಂದನ್ನು ದೂರದಿಂದ ಮೆಲ್ಲನೆ ಹತ್ತಿರಕ್ಕೆ ತರಿಸಿದರು. ನಾನು “ಕೇಳಿಸಿತು” ಎಂದ ಸ್ಥಳವನ್ನು ಗುರುತು ಮಾಡಿದರು. ಬಳಿಕ ಅದನ್ನು ಹತ್ತಿರದಿಂದ ದೂರಕ್ಕೆ ಒಯ್ಯಿಸಿ, “ಇನ್ನು ಕೇಳಿಸದು” ಎಂದ ಸ್ಥಳವನ್ನೂ ಗುರುತಿಸಿದರು. ಆಶ್ಚರ್ಯವೆಂದರೆ ಎರಡೂ ಒಂದೇ ಸ್ಥಳವಾಗಿರಲಿಲ್ಲ! ಅಭ್ಯಾಸಬಲದಿಂದ ಹಿಂದಿನ ಉತ್ತರವನ್ನೇ ಹೇಳುತ್ತ ಹೋಗುವುದೂ, ಆತುರದಿಂದ ಉತ್ತರವನ್ನು ಬೇಗ ಬದಲಿಸಿಬಿಡುವುದೂ ಮನಸ್ಸಿನ ಗುಣ. ಆದುದರಿಂದ ಎರಡು ಬಗೆಯಲ್ಲಿಯೂ ಹಲವು ಸಲ ಅಳೆದು, ಸರಾಸರಿ ತೆಗೆದು, ಅದನ್ನೇ ಹೊಸ್ತಿಲೆಂದು ಇಟ್ಟುಕೊಳ್ಳಬೇಕು. ಇಂತಹ ಅಳತೆಯ ಕ್ರಮಗಳನ್ನು ಶಾಸ್ತ್ರವಾಗಿ ರೂಪಿಸಿದವರು ಜರ್ಮನಿಯ ಫೆಕ್ನರ್. ಅವರ ಗ್ರಂಥ ಪ್ರಕಟವಾದುದು 1860ರಲ್ಲಿ.

ಅದಕ್ಕೂ ಮೊದಲು, 1834ರಲ್ಲಿ, ಲೈಪ್‌ಜಿಗ್ ನಗರದ ಪ್ರಾಧ್ಯಾಪಕ ವೇಬರ್ ಅವರು ಭಾರವನ್ನು ಕುರಿತು ಒಂದು ಸೋಜಿಗವನ್ನು ಹೊರಗೆಡಹಿದ್ದರು. ಕೈಯಲ್ಲಿ ಎತ್ತಿದ ಎರಡು ತೂಕಗಳ ವ್ಯತ್ಯಾಸ ತಿಳಿಯಬೇಕಾದರೆ, ಅದು ಮೊದಲಿನ ತೂಕದ ಸುಮಾರು 40ರಲ್ಲಿ ಒಂದು ಪಾಲಾದರೂ ಇರಬೇಕು. 40 ಗ್ರಾಂಗೆ 1 ಗ್ರಾಂ ಸಾಕು; 400 ಗ್ರಾಂಗೆ 10 ಗ್ರಾಂ ಬೇಕು. ಹೊರೆ ದೊಡ್ಡದಾದಷ್ಟೂ ಅದಕ್ಕೆ ಸೇರಿದ ಚಿಕ್ಕ ಭಾರ ನಮ್ಮ ಕಣ್ತಪ್ಪಿಸಿಕೊಳ್ಳುತ್ತದೆ.

ಕೈಯಲ್ಲಿ ಎತ್ತಿದ ತೂಕದ ಲೆಕ್ಕವನ್ನು ಬೆನ್ನಿನ ಮೂಟೆಗೆ ಚಾಚೂ ತಪ್ಪದೆ ಹಚ್ಚಲಾಗದು, ನಿಜ. ಆದರೂ 50 ಕಿಲೋ ಹೊತ್ತವರಿಗೆ ಇನ್ನೊಂದು ಕಿಲೋ ಹೊಸ್ತಿಲಿನ ಹೊರಗೇ ಉಳಿಯುವುದು ಸಹಜವೆನಿಸುತ್ತದೆ. ಅರಿವಿಗೆ ಬಾರದಿದ್ದರೂ ಆ ಕಿಲೋವನ್ನು ಹೊತ್ತದ್ದು ಸುಳ್ಳಲ್ಲ. 100 ಮೂಟೆಗೆ ಅದು 100 ಕಿಲೋ, ಅಂದರೆ ಕೂಲಿಯಿಲ್ಲದೆ ಹೊತ್ತ ಎರಡು ಮೂಟೆ!

ನಮ್ಮ ಮನೆತನದಲ್ಲಿ ಕಾಲೇಜಿನ ಹೊಸ್ತಿಲು ತುಳಿದವನು ನಾನೇ ಮೊದಲು. ರಜೆಯಲ್ಲಿ ಊರಿಗೆ ಹೋದಾಗ ಈ ಲೆಕ್ಕವನ್ನು ತಂದೆಗೆ ಬಿಡಿಸಿ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಂಗಾದರೆ ನಾಳೆಯಿಂದ ತೂಗಿಸಿಯೇ ಹೊರ್ತೀನಿ” ಎಂದರು.